ಲಂಡನ್ ನಗರದ ಎತ್ತರ ಯಾರದು?

1710ನೆಯ ಇಸವಿಯಿಂದ 1963ರವರೆಗೆ, ಎಂದರೆ ಇನ್ನೂರೈವತ್ತು ವರ್ಷಗಳಿಗೂ ಮೇಲ್ಪಟ್ಟ ಕಾಲ, ಲಂಡನ್ ನಗರದಲ್ಲಿ ಎಲ್ಲಕ್ಕಿಂತ ಎತ್ತರವಾದ ಕಟ್ಟಡ ಒಂದೇ ಆಗಿದ್ದಿತು. ಅದು ಸೇಂಟ್ ಪಾಲ್ ಪ್ರಧಾನ ದೇವಾಲಯ. ಗುಮ್ಮಟದ ಮೇಲಣ ಶಿಲುಬೆಯವರೆಗೆ ಅದರ ಎತ್ತರ 365 ಅಡಿ. ಈ ಅವಧಿಯಲ್ಲಿ ಇಂಗ್ಲೆಂಡು ಭೂಮಂಡಲದ ನಾಲ್ಕು ಮೂಲೆಗಳಲ್ಲಿ ಚಕ್ರಾಧಿಪತ್ಯವನ್ನು ಕಟ್ಟಿತು, ಅದರ ಬಹುಭಾಗವನ್ನು ಬಿಟ್ಟುಕೊಟ್ಟಿತು; ಹಬೆಯಂತ್ರವನ್ನು ಕಂಡಿತು, ಎರಡು ಮಹಾಯುದ್ಧಗಳನ್ನು ದಾಟಿತು. ಇಷ್ಟೆಲ್ಲ ಐಶ್ವರ್ಯವೂ ಯಂತ್ರಬಲವೂ ಕೈಯಲ್ಲಿದ್ದಾಗ ಆ ಗುಮ್ಮಟವನ್ನು ಮೀರಿ ತಲೆಯೆತ್ತದಿದ್ದ ನಗರ, ಅದರ ತರುವಾಯ ಐವತ್ತೇ ವರ್ಷಗಳಲ್ಲಿ 1,016 ಅಡಿ ಎತ್ತರದ ಷಾರ್ಡ್ ಎಂಬ ಗಾಜಿನ ಗೋಪುರವನ್ನು ಎಬ್ಬಿಸಿತು. 2012ರಲ್ಲಿ ಎದ್ದ ಈ ಗೋಪುರ ಗುಮ್ಮಟದ ಸುಮಾರು ಎರಡು ಮುಕ್ಕಾಲರಷ್ಟು ಎತ್ತರ. ಈ ಬದಲಾವಣೆ ಹೇಗೆ ಬಂದಿತು, ಇದರಿಂದ ಬೀದಿಯಲ್ಲಿ ನಡೆಯುವ ಸಾಮಾನ್ಯನಿಗೆ ದೊರೆತುದೇನು, ಅವನು ಕಳೆದುಕೊಂಡುದೇನು ಎಂಬುದನ್ನು ನಾವು ಈ ಹೊತ್ತು ಸ್ವಲ್ಪ ವಿಚಾರ ಮಾಡೋಣ.

ಮೊದಲು ಗುಮ್ಮಟದ ಸಂಗತಿ. 1666ರ ಸೆಪ್ಟೆಂಬರಿನಲ್ಲಿ ಬಿದ್ದ ಮಹಾಗ್ನಿಯಲ್ಲಿ ಸುಮಾರು 13,200 ಮನೆಗಳೂ 87 ಚರ್ಚುಗಳೂ ಹಳೆಯ ಪ್ರಧಾನ ದೇವಾಲಯವೂ ಸುಟ್ಟುಹೋದುವು. ಹೊಸದನ್ನು ಕಟ್ಟುವ ಹೊಣೆ ಕ್ರಿಸ್ಟಫರ್ ರೆನ್ ಎಂಬ ಗಣಿತ ಮತ್ತು ಖಗೋಳ ಪಂಡಿತನ ಮೇಲೆ ಬಿದ್ದಿತು. 1675ರಲ್ಲಿ ಆರಂಭವಾದ ಕೆಲಸ ಮುಗಿಯುವುದಕ್ಕೆ ಮೂವತ್ತೈದು ವರ್ಷ ಹಿಡಿಯಿತು. ಇದಕ್ಕೆ ಬೇಕಾದ ಹಣ ಬಂದುದೆಲ್ಲಿಂದ ಎಂಬುದು ಗಮನಿಸತಕ್ಕ ವಿಷಯ. ಅದರ ಬಹುಭಾಗ ದೊರೆಯ ಬೊಕ್ಕಸದಿಂದ ಬರಲಿಲ್ಲ. ಲಂಡನ್ ರೇವಿಗೆ ಹಡಗುಗಳಲ್ಲಿ ಬರುತ್ತಿದ್ದ ಕಲ್ಲಿದ್ದಲಿನ ಮೇಲೆ ಪಾರ್ಲಿಮೆಂಟು ವಿಧಿಸಿದ ಸುಂಕದಿಂದ ಬಂದಿತು. ಚಳಿಗಾಲದಲ್ಲಿ ಒಲೆ ಹೊತ್ತಿಸಿಕೊಂಡ ಪ್ರತಿಯೊಬ್ಬ ಬಡವನೂ ಆ ಗುಮ್ಮಟಕ್ಕೆ ತನ್ನ ಪಾಲಿನ ಕಾಸನ್ನು ಸಲ್ಲಿಸಿದ್ದನೆಂದೇ ಅರ್ಥ. ಆದುದರಿಂದ ದೇವರಲ್ಲಿ ನಂಬಿಕೆಯುಳ್ಳವರಿಗೂ ಇಲ್ಲದವರಿಗೂ ಅದು ಊರೊಟ್ಟಿನ ಸ್ವತ್ತಾಯಿತು. ಅದನ್ನು ಕಾಣುವುದು ಪೌರರ ಹಕ್ಕು ಎಂಬ ಭಾವನೆ ಯಾವ ಪತ್ರದಲ್ಲಿಯೂ ಬರೆಯದೆಯೇ ಬೆಳೆಯಿತು.

ಬರೆಯದೆ ಇದ್ದ ಈ ಹಕ್ಕನ್ನು ಬರೆಯಬೇಕಾದ ಕಾಲವೂ ಬಂದಿತು. 1873ರಲ್ಲಿ ವೆಸ್ಟ್‌ಮಿನ್‌ಸ್ಟರ್ ಭಾಗದಲ್ಲಿ ಕ್ವೀನ್ ಆ್ಯನ್ಸ್ ಮ್ಯಾನ್ಷನ್ಸ್ ಎಂಬ ವಾಸಗೃಹಗಳ ಸಮುಚ್ಚಯವನ್ನು ಕಟ್ಟತೊಡಗಿದರು. ಅದು ಬೆಳೆದು ಹನ್ನೆರಡು ಅಂತಸ್ತಿಗೆ ಏರಲು, ಅರಮನೆಯಿಂದ ಪಾರ್ಲಿಮೆಂಟ್ ಭವನದ ಕಡೆಗಿದ್ದ ನೋಟ ಮರೆಯಾಗಿ ವಿಕ್ಟೋರಿಯಾ ರಾಣಿಯವರಿಗೆ ಬೇಸರವಾಯಿತೆಂಬುದು ಪ್ರಸಿದ್ಧ. ಬೆಂಕಿ ಹತ್ತಿಕೊಂಡರೆ ಅಷ್ಟು ಎತ್ತರಕ್ಕೆ ಏಣಿ ಮುಟ್ಟುವುದು ಹೇಗೆ, ಪಕ್ಕದ ಓಣಿಗಳಿಗೆ ಬೆಳಕು ಗಾಳಿ ಬರುವುದು ಹೇಗೆ ಎಂಬ ಪ್ರಶ್ನೆಗಳೂ ಇದ್ದುವು. 1894ರ ಕಟ್ಟಡ ಶಾಸನ ಸಾಧಾರಣ ಕಟ್ಟಡಗಳ ಗೋಡೆಗೆ 80 ಅಡಿಗಳ ಮೇರೆಯನ್ನು ಹಾಕಿತು. ಅದರ ಮೇಲೆ ಮಾಡಿನೊಳಗೆ ಎರಡು ಅಂತಸ್ತಿಗೆ ಮಾತ್ರ ಎಡೆಯಿದ್ದಿತು. ಅಮೆರಿಕದ ಷಿಕಾಗೊ ಮತ್ತು ನ್ಯೂಯಾರ್ಕ್ ನಗರಗಳು ಉಕ್ಕಿನ ಹಂದರದ ಮೇಲೆ ಆಕಾಶಕ್ಕೆ ಲಗ್ಗೆ ಹಾಕುತ್ತಿದ್ದ ದಿನಗಳಲ್ಲಿ ಲಂಡನ್ ತಗ್ಗಿ ನಿಂತುದಕ್ಕೆ ಈ ಶಾಸನವೇ ಮುಖ್ಯ ಕಾರಣ.

ಆದರೆ ಶಾಸನದ ಕಣ್ಣಿಗೆ ಬೀಳದ ಕಂಡಿಗಳು ಯಾವಾಗಲೂ ಇರುತ್ತವೆ. 1933ರಲ್ಲಿ ಥೇಮ್ಸ್ ನದಿಗೂ ದೇವಾಲಯಕ್ಕೂ ನಡುವೆ ಫ್ಯಾರಡೆ ಭವನವೆಂಬ ದೂರವಾಣಿ ಕೇಂದ್ರ ಎದ್ದಿತು. ನದಿಯ ಕಡೆಯಿಂದ ಗುಮ್ಮಟವನ್ನು ನೋಡುತ್ತಿದ್ದವರ ಕಣ್ಣಿಗೆ ಅದು ಅಡ್ಡವಾಯಿತು. ದೇವಾಲಯದ ಕಟ್ಟಡದ ಮೇಲ್ವಿಚಾರಕರಾಗಿದ್ದ ಗಾಡ್‌ಫ್ರೆ ಆಲನ್ ಎಂಬವರು ಆಗ ಒಂದು ಉಪಾಯವನ್ನು ಹೂಡಿದರು. ದೇವಾಲಯದ ಸುತ್ತಣ ಭೂಮಿಯನ್ನು ನಕ್ಷೆಯಲ್ಲಿ ಚೌಕಗಳಾಗಿ ಹಂಚಿ, ನದಿಯ ದಡ ಮತ್ತು ಸೇತುವೆಗಳಿಂದ ಗುಮ್ಮಟ ಕಾಣುತ್ತಿರಬೇಕಾದರೆ ಪ್ರತಿಯೊಂದು ಚೌಕದಲ್ಲಿ ಮನೆಗಳು ಎಷ್ಟು ಎತ್ತರ ಏರಬಹುದೆಂಬುದನ್ನು ಲೆಕ್ಕ ಹಾಕಿ ತೋರಿಸಿದರು. ಸೇಂಟ್ ಪಾಲ್ಸ್ ಹೈಟ್ಸ್ ಎಂದು ಹೆಸರಾದ ಈ ನಿಯಮ 1938ರಿಂದ ನಡೆದು ಬಂದಿದೆ. ವಿಶೇಷವೇನೆಂದರೆ, ಮೊದಲ ಹಲವು ದಶಕಗಳ ಕಾಲ ಇದಕ್ಕೆ ಶಾಸನದ ಬಲವಿರಲಿಲ್ಲ. ದೇವಾಲಯದವರು, ನಗರಸಭೆಯವರು, ಕಟ್ಟುವವರು, ಇವರೊಳಗಿನ ಒಪ್ಪಂದ ಮಾತ್ರವೇ ಇದ್ದಿತು. ಮಾತಿಗೆ ತಪ್ಪಿದರೆ ದಂಡವಿಲ್ಲ. ಆದರೂ ಮಾತು ನಡೆಯಿತು.

ಎರಡು ವರ್ಷಗಳಲ್ಲೇ ಆ ಗುಮ್ಮಟದ ಬೆಲೆ ಏನೆಂಬುದು ಜಗತ್ತಿಗೆಲ್ಲ ತಿಳಿಯಿತು. 1940ರ ಡಿಸೆಂಬರ್ 29ರ ರಾತ್ರಿ ಜರ್ಮನ್ ವಿಮಾನಗಳು ಸುರಿಸಿದ ಬೆಂಕಿಬಾಂಬುಗಳಿಂದ ಸುತ್ತಣ ಬೀದಿಗಳೆಲ್ಲ ಉರಿಯುತ್ತಿರುವಾಗ, ಹೊಗೆಯ ನಡುವೆ ಅದು ಅಲುಗದೆ ನಿಂತಿರುವ ಛಾಯಾಚಿತ್ರ ದೇಶದೇಶಗಳಲ್ಲಿ ಅಚ್ಚಾಯಿತು. ಇಂತಹ ನೆನಪು ಹಸಿಯಾಗಿರುವಾಗಲೇ, 1947ರಲ್ಲಿ, ನದಿಯ ಆಚೆಯ ದಡದಲ್ಲಿ ಗುಮ್ಮಟಕ್ಕೆ ಸರಿಯೆದುರಾಗಿ ವಿದ್ಯುಚ್ಛಕ್ತಿ ಕೇಂದ್ರವನ್ನು ಕಟ್ಟಬೇಕೆಂಬ ನಿರ್ಣಯವಾಯಿತು. ವಿರೋಧ ಬಲವಾಗಿಯೇ ಇದ್ದಿತು. ಆದರೆ ಯುದ್ಧದಿಂದ ಬಳಲಿದ ನಗರಕ್ಕೆ ವಿದ್ಯುತ್ತು ಬೇಕಾಗಿದ್ದಿತು. ಬ್ಯಾಂಕ್‌ಸೈಡ್ ಎಂಬ ಆ ಕೇಂದ್ರವನ್ನು ರೂಪಿಸಿದ ಶಿಲ್ಪಿ ಗೈಲ್ಸ್ ಗಿಲ್ಬರ್ಟ್ ಸ್ಕಾಟ್. ಅವರು ಇಟ್ಟಿಗೆಯ ಒಂದೇ ಒಂದು ಹೊಗೆಗೊಳವೆಯನ್ನು ನಡುವೆ ನಿಲ್ಲಿಸಿ, ಅದರ ಎತ್ತರವನ್ನು 325 ಅಡಿಗೆ ತಡೆದರು. ಗುಮ್ಮಟಕ್ಕಿಂತ ನಲವತ್ತು ಅಡಿ ಕಡಿಮೆ.

ಈ ಸಂಕೋಚ ಬಹುಕಾಲ ಉಳಿಯಲಿಲ್ಲ. ಯುದ್ಧದ ತರುವಾಯ ಎತ್ತರದ ಕಟ್ಟುಗಳು ಸಡಿಲವಾದುವು. 1963ರಲ್ಲಿ ಮಿಲ್‌ಬ್ಯಾಂಕ್ ಗೋಪುರ ಗುಮ್ಮಟವನ್ನು ಮೀರಿತು. 1991ರಲ್ಲಿ ಹಡಗುಕಟ್ಟೆಗಳು ಮುಚ್ಚಿಹೋಗಿದ್ದ ಪೂರ್ವಭಾಗದ ಕೆನೇರಿ ವಾರ್ಫ್‌ನಲ್ಲಿ 770 ಅಡಿಯ ಕಚೇರಿಗೋಪುರ ಎದ್ದಿತು. ಹಣದ ವ್ಯವಹಾರವೆಲ್ಲ ಅತ್ತ ಹರಿದುಹೋದೀತೆಂಬ ಅಂಜಿಕೆಯಿಂದ ಹಳೆಯ ನಗರಭಾಗವೂ ಪೈಪೋಟಿಗೆ ಇಳಿಯಿತು. ಹೀಗೆ ಲೆಡನ್‌ಹಾಲ್ ಬೀದಿಯ ಸುತ್ತಮುತ್ತ ಗೋಪುರಗಳ ಗುಂಪು ಬೆಳೆಯಿತು.

ಈ ಬೀದಿಯ ಹೆಸರು ಮೈಸೂರಿನವರಾದ ನಮಗೆ ಅಪರಿಚಿತವಾಗಿರಬಾರದು. ಈಸ್ಟ್ ಇಂಡಿಯಾ ಕಂಪೆನಿಯ ಮುಖ್ಯ ಕಚೇರಿ ಇದ್ದುದು ಇಲ್ಲಿಯೇ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಟಿಪ್ಪು ಸುಲ್ತಾನನ ಅರಮನೆಯಿಂದ ಒಯ್ದ ಮರದ ಹುಲಿಯನ್ನು 1808ರಲ್ಲಿ ಆ ಭವನದ ವಸ್ತುಸಂಗ್ರಹಾಲಯದಲ್ಲಿ ಜನರ ನೋಟಕ್ಕೆ ಇರಿಸಿದರು. ಕಂಪೆನಿಯ ಆಳ್ವಿಕೆ 1858ರಲ್ಲಿ ಮುಗಿಯಿತು. ಭವನವನ್ನು 1861ರಲ್ಲಿ ಕೆಡವಿದರು. ಹುಲಿ ಹಲವು ಮನೆಗಳನ್ನು ಬದಲಾಯಿಸಿ, 1880ರ ವೇಳೆಗೆ, ಈಗ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯವೆಂದು ಕರೆಯುವ ಸಂಸ್ಥೆಗೆ ಸೇರಿತು. ಕಂಪೆನಿಯ ಭವನವಿದ್ದ ಸ್ಥಳದಲ್ಲಿ 1986ರಿಂದ ಲಾಯ್ಡ್ಸ್ ವಿಮಾಮಂದಿರವಿದೆ. ಅದರ ಎದುರಿಗೆ 2014ರಲ್ಲಿ ಸುಮಾರು 740 ಅಡಿಯ ಮತ್ತೊಂದು ಗೋಪುರ ಮುಗಿಯಿತು. ಇದರ ಒಂದು ಮುಖ ಬೆಣೆಯಂತೆ ಓರೆಯಾಗಿ ಹಿಂದಕ್ಕೆ ಬಾಗಿದೆ. ಫ್ಲೀಟ್ ಬೀದಿಯಲ್ಲಿ ಬರುವವನಿಗೆ ಸೇಂಟ್ ಪಾಲ್ ಗುಮ್ಮಟದ ಹಿಂದೆ ಈ ಗೋಪುರ ಇಣುಕಬಾರದೆಂದೇ ಅದನ್ನು ಹಾಗೆ ಓರೆ ಮಾಡಿದರು. ರೆನ್ ಪಂಡಿತನ ಗುಮ್ಮಟ ಮುನ್ನೂರು ವರ್ಷಗಳ ತರುವಾಯವೂ ಉಕ್ಕಿನ ಗೋಪುರವೊಂದನ್ನು ಬಾಗಿಸಿತು.

ಆದರೆ ಎಲ್ಲ ಕಡೆಯೂ ಹೀಗಾಗಲಿಲ್ಲ. ರಿಚ್ಮಂಡ್ ಉದ್ಯಾನದ ದಿಬ್ಬವೊಂದರಿಂದ ಹತ್ತು ಮೈಲಿ ದೂರದ ಗುಮ್ಮಟವನ್ನು ಮರಗಳ ಸಂದಿನಲ್ಲಿ ಕಾಣುವ ನೋಟ ರಕ್ಷಿತವಾದುದು. 2016ರಲ್ಲಿ, ಗುಮ್ಮಟದಿಂದಲೂ ಆಚೆಗೆ ಕೆಲವು ಮೈಲಿ ದೂರದ ಸ್ಟ್ರಾಟ್‌ಫರ್ಡಿನಲ್ಲಿ ಎದ್ದ ಗೋಪುರ ಅದೇ ಸಂದಿನಲ್ಲಿ ಗುಮ್ಮಟದ ಬೆನ್ನಿಗೆ ಬಂದು ನಿಂತಿತು. ಅಷ್ಟು ದೂರದ ಕಟ್ಟಡವೂ ಅಡ್ಡ ಬಂದೀತೆಂದು ವೇಳೆಗೆ ಸರಿಯಾಗಿ ತಡೆದವರಿಲ್ಲ.

ಮತ್ತೊಂದು ಬಗೆಯ ವ್ಯವಹಾರವೂ ಈ ಕಾಲದಲ್ಲಿ ರೂಢಿಗೆ ಬಂದಿತು. ಫೆನ್‌ಚರ್ಚ್ ಬೀದಿಯ ಒಂದು ಗೋಪುರಕ್ಕೆ ಅಪ್ಪಣೆ ಕೊಡುವಾಗ, ಅದರ ನೆತ್ತಿಯ ಮೇಲೆ ಜನರಿಗೆ ಉಚಿತವಾಗಿ ತೆರೆದ ಉದ್ಯಾನವಿರಬೇಕೆಂದು ಗೊತ್ತುಮಾಡಿದರು. 2015ರಲ್ಲಿ ಅದು ತೆರೆಯಿತು. ಮುಂಚಿತವಾಗಿ ಹೆಸರು ಕೊಟ್ಟು ಹೋಗಬೇಕು. ಷಾರ್ಡ್ ಗೋಪುರದ ಮೇಲಕ್ಕಾದರೋ ಹಣ ತೆತ್ತು ಹತ್ತಬೇಕು. 1894ರಲ್ಲಿ ಎತ್ತರವನ್ನು ಆಳಿದ್ದು ಆಜ್ಞೆ, 1938ರಲ್ಲಿ ಮರ್ಯಾದೆ, ನಮ್ಮ ಕಾಲದಲ್ಲಿ ಚೌಕಾಸಿ. ಚೌಕಾಸಿಯಲ್ಲಿ ಜನರಿಗೆ ಏನೂ ದೊರೆಯುವುದಿಲ್ಲವೆಂದು ಹೇಳಲಾಗದು. ಆದರೆ ಮೊದಲು ಬೀದಿಯಲ್ಲಿ ನಿಂತೇ ದೊರೆಯುತ್ತಿದ್ದ ನೋಟವನ್ನು ಈಗ ಸರದಿಯಲ್ಲಿ ನಿಂತು ಪಡೆಯಬೇಕಾಗಿದೆ.

ಇಂತಹ ಕಾಲದಲ್ಲಿ ವಸ್ತುಸಂಗ್ರಹಾಲಯಗಳು ಮಾಡಿದ ಕೆಲಸವನ್ನು ನೋಡಬೇಕು. ಬ್ಯಾಂಕ್‌ಸೈಡ್ ವಿದ್ಯುತ್ ಕೇಂದ್ರ 1981ರಲ್ಲಿ ಮುಚ್ಚಿತು. ಕೆಡವಿ ನಿವೇಶನವನ್ನು ಮಾರುವುದು ಸುಲಭವಾಗಿದ್ದಿತು. ಟೇಟ್ ಚಿತ್ರಶಾಲೆಯವರು 1994ರಲ್ಲಿ ಅದನ್ನು ಆರಿಸಿಕೊಂಡು, ಹೆರ್ಜೋಗ್ ಮತ್ತು ಡೆ ಮ್ಯೂರೊನ್ ಎಂಬ ಸ್ವಿಸ್ ಶಿಲ್ಪಿಗಳ ಕೈಯಲ್ಲಿ ಒಳಗನ್ನು ಹೊಸದು ಮಾಡಿಸಿದರು. ಯಂತ್ರಗಳಿದ್ದ ಐನೂರು ಅಡಿ ಉದ್ದದ ಅಂಗಳವನ್ನು ಹಾಗೆಯೇ ಉಳಿಸಿ, ಹೊಗೆಗೊಳವೆಯನ್ನೂ ಮುಟ್ಟದೆ, 2000ದ ಮೇ ತಿಂಗಳಲ್ಲಿ ಟೇಟ್ ಮಾಡರ್ನ್ ಎಂಬ ಹೆಸರಿನಿಂದ ತೆರೆದರು. ಶಾಶ್ವತ ಸಂಗ್ರಹವನ್ನು ನೋಡುವುದಕ್ಕೆ ಶುಲ್ಕವಿಲ್ಲ. ಮೊದಲ ವರ್ಷದಲ್ಲಿಯೇ ಐವತ್ತು ಲಕ್ಷಕ್ಕೂ ಮೇಲ್ಪಟ್ಟು ಜನ ಬಂದರು. ಬಂದವರಿಗೆ ಎಡೆ ಸಾಲದೆ, 2016ರಲ್ಲಿ ಹತ್ತು ಅಂತಸ್ತಿನ, 210 ಅಡಿಗೂ ಮೀರಿದ ಹೊಸ ಕಟ್ಟಡವನ್ನು ಸೇರಿಸಿದರು. ಅದರ ಮೇಲ್ದಂಡೆಯಲ್ಲಿ ಸುತ್ತಲೂ ನಡೆದು ಲಂಡನ್ನನ್ನೆಲ್ಲ ನೋಡುವ ಮೊಗಸಾಲೆಯನ್ನು ಆಗ ತೆರೆದಿದ್ದರು, ಅದಕ್ಕೂ ಕಾಸಿರಲಿಲ್ಲ.

ಆದರೆ ಈ ಕೊಡುಗೆಯೇ ವ್ಯಾಜ್ಯಕ್ಕೆ ಕಾರಣವಾಯಿತು. ಚಿತ್ರಶಾಲೆಯ ನೆರೆಯಲ್ಲಿ, ಅದು ಬಂದುದರಿಂದಲೇ ಬೆಲೆ ಏರಿದ ಪ್ರದೇಶದಲ್ಲಿ, 2012ರಲ್ಲಿ ನಿಯೊ ಬ್ಯಾಂಕ್‌ಸೈಡ್ ಎಂಬ ಗಾಜುಗೋಡೆಯ ವಾಸಗೋಪುರಗಳು ಮುಗಿದಿದ್ದುವು. ಮೊಗಸಾಲೆಯಲ್ಲಿ ನಿಂತವರಿಗೆ ಅವರ ಮನೆಗಳ ಒಳಗೆಲ್ಲ ಕಾಣುತ್ತಿತ್ತು. ಕೆಲವರು ಚಿತ್ರಗಳನ್ನೂ ತೆಗೆದರು. ಮನೆಗಳ ಒಡೆಯರಲ್ಲಿ ಕೆಲವರು ದಾವೆ ಹೂಡಿದರು. 2019ರಲ್ಲಿ ಹೈಕೋರ್ಟು, ಗಾಜಿನ ಮನೆಯನ್ನು ಆರಿಸಿಕೊಂಡವರು ಪರದೆಯನ್ನಾದರೂ ಇಳಿಬಿಡಬಹುದೆಂಬ ಭಾವದಿಂದ ದಾವೆಯನ್ನು ತಳ್ಳಿತು. 2020ರಲ್ಲಿ ಅಪೀಲು ಕೋರ್ಟೂ ಬೇರೆ ಕಾರಣದಿಂದ ತಳ್ಳಿತು. 2023ರ ಫೆಬ್ರುವರಿ 1ರಂದು ಸರ್ವೋಚ್ಚ ನ್ಯಾಯಾಲಯದ ಐವರಲ್ಲಿ ಮೂವರು ಮನೆಯವರ ಪರವಾಗಿ ತೀರ್ಪಿತ್ತರು. ಹಗಲೆಲ್ಲ ಪರರ ಕಣ್ಣಿಗೆ ಗುರಿಯಾಗಿ ಮೃಗಾಲಯದ ಪ್ರಾಣಿಯಂತೆ ಬದುಕಬೇಕೆಂದು ಯಾರನ್ನೂ ಬಲವಂತಪಡಿಸಲಾಗದೆಂಬುದು ಆ ತೀರ್ಪಿನ ಸಾರ. ಪರಿಹಾರವೇನೆಂಬ ಪ್ರಶ್ನೆಯನ್ನು ಮಾತ್ರ ಹೈಕೋರ್ಟಿಗೆ ಹಿಂದಿರುಗಿಸಿದರು.

ಈ ತೀರ್ಪನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಮನೆಯೊಳಗಿನ ಏಕಾಂತ ಶ್ರೀಮಂತನಿಗೂ ಬೇಕು, ಬಡವನಿಗೂ ಬೇಕು. ಆದರೂ ಒಂದು ವೈಚಿತ್ರ್ಯ ಉಳಿಯಿತು. ನಗರದ ಆಕಾಶವನ್ನು ನೂರು ಗೋಪುರಗಳು ತುಂಬಿದಾಗ, ಕೆಳಗಿನವನ ನೋಟವನ್ನು ಕಳೆದುದಕ್ಕಾಗಿ ಯಾರೂ ಪರಿಹಾರ ಕೊಡಬೇಕಾಗಲಿಲ್ಲ. ಸುಂದರವಾದ ನೋಟ ಮರೆಯಾದರೆ ಅದಕ್ಕಾಗಿ ದಾವೆ ಹೂಡಲಾಗದೆಂಬುದು ಇಂಗ್ಲಿಷ್ ನ್ಯಾಯಶಾಸ್ತ್ರದ ಹಳೆಯ ನಿಯಮ. ಜನಸಾಮಾನ್ಯನನ್ನು ಬಿಟ್ಟಿಯಾಗಿ ಮೇಲಕ್ಕೆ ಹತ್ತಿಸಿದ ಒಂದು ಮೊಗಸಾಲೆ ಮಾತ್ರ ನ್ಯಾಯಾಸ್ಥಾನದ ಮುಂದೆ ನಿಲ್ಲಬೇಕಾಯಿತು. ಮನೆಯ ಏಕಾಂತಕ್ಕೆ ಒಡೆಯನುಂಟು, ಅವನು ವಾದಿಸಬಲ್ಲ. ಬೀದಿಯ ನೋಟಕ್ಕೆ ಒಡೆಯರು ಎಲ್ಲರೂ ಆದುದರಿಂದ ವಾದಿಸುವವರು ಯಾರೂ ಇಲ್ಲ.

ಹಾಗೆಂದು ನಗರವನ್ನು ಚೌಕಟ್ಟು ಹಾಕಿದ ಚಿತ್ರದಂತೆ ಗೋಡೆಗೆ ತೂಗುಹಾಕಬೇಕೆಂದು ನಾವು ಹೇಳುವುದಿಲ್ಲ. ಜನರಿಗೆ ಮನೆ ಬೇಕು, ಉದ್ಯೋಗ ಬೇಕು. ರೆನ್ ಪಂಡಿತನ ಗುಮ್ಮಟವೇ ತನ್ನ ಕಾಲಕ್ಕೆ ಹೊಸತು. ಚೂಪು ಶಿಖರವನ್ನು ಬಯಸಿದ್ದ ಪಾದ್ರಿಗಳಲ್ಲಿ ಅನೇಕರಿಗೆ ಅದು ರುಚಿಸಿರಲಿಲ್ಲ. ವಸ್ತುಸಂಗ್ರಹಾಲಯಗಳೂ ಇದ್ದಲ್ಲಿಯೇ ಇರುವುದಿಲ್ಲ. ಲಂಡನ್ ನಗರದ ಕಥೆಯನ್ನೇ ಹೇಳುವ ಸಂಗ್ರಹಾಲಯ 1976ರಿಂದ ಲಂಡನ್ ವಾಲ್ ಬೀದಿಯಲ್ಲಿದ್ದು, 2022ರ ಡಿಸೆಂಬರಿನಲ್ಲಿ ಬಾಗಿಲು ಮುಚ್ಚಿ, ಸ್ಮಿತ್‌ಫೀಲ್ಡಿನ ಹಳೆಯ ಮಾರುಕಟ್ಟೆಯ ಕಟ್ಟಡಗಳಿಗೆ ಹೊರಟಿತು. ಬಿಟ್ಟ ಸ್ಥಳದಲ್ಲಿ ಕಚೇರಿಗಳನ್ನು ಎಬ್ಬಿಸುವ ಯೋಜನೆಗೆ ನಗರಸಭೆ 2024ರಲ್ಲಿ ಒಪ್ಪಿಗೆಯಿತ್ತಿತು. ಹಳೆಯ ಸಂತೆಯ ಮಾಡಿನ ಕೆಳಗೆ ಚರಿತ್ರೆ, ಚರಿತ್ರೆಯಿದ್ದ ನೆಲದ ಮೇಲೆ ವ್ಯಾಪಾರ: ಹೀಗೆ ಅದಲುಬದಲಾಗುವುದು ನಗರದ ಸ್ವಭಾವ.

ಕೇಳಬೇಕಾದ ಪ್ರಶ್ನೆ ಎತ್ತರ ಎಷ್ಟೆಂಬುದಲ್ಲ. ಆ ಎತ್ತರ ಕೆಳಗಿರುವವರಿಗೆ ಏನು ಲೆಕ್ಕ ಒಪ್ಪಿಸುತ್ತದೆ ಎಂಬುದು. ಲಂಡನ್ನಿನ ಚರಿತ್ರೆ ಇದನ್ನು ಸ್ಪಷ್ಟವಾಗಿ ಕಲಿಸುತ್ತದೆ. ಟೇಟ್ ಚಿತ್ರಶಾಲೆಗೂ ಸೇಂಟ್ ಪಾಲ್ ದೇವಾಲಯಕ್ಕೂ ನಡುವೆ ಥೇಮ್ಸ್ ನದಿಗೆ ಅಡ್ಡಲಾಗಿ ಕಾಲುಸೇತುವೆಯೊಂದಿದೆ. 2000ದಲ್ಲಿ ತೆರೆದು, ಜನರ ನಡಿಗೆಗೆ ಓಲಾಡಿದುದರಿಂದ ಎರಡೇ ದಿನಗಳಲ್ಲಿ ಮುಚ್ಚಿ, ಭದ್ರಪಡಿಸಿ 2002ರಲ್ಲಿ ಮತ್ತೆ ತೆರೆದದ್ದು ಇದೇ. ಅದರ ನಡುವೆ ನಿಂತವನಿಗೆ ಒಂದು ಕಡೆ 365 ಅಡಿಯ ಗುಮ್ಮಟ, ಇನ್ನೊಂದು ಕಡೆ 325 ಅಡಿಯ ಹೊಗೆಗೊಳವೆ. ವಿದ್ಯುತ್ತಿಗಾಗಿ ಹಾತೊರೆಯುತ್ತಿದ್ದ ನಗರದಲ್ಲಿ ಒಬ್ಬ ಶಿಲ್ಪಿ ಬಿಟ್ಟುಕೊಟ್ಟ ಆ ನಲವತ್ತು ಅಡಿಗಳಿಗೆ ಬಾಡಿಗೆ ಬರುವುದಿಲ್ಲ. ಆದರೆ ಸೇತುವೆಯ ಮೇಲೆ ನಡೆಯುವ ಪ್ರತಿಯೊಬ್ಬನೂ ದಿನವೂ ಅದರ ಫಲವನ್ನು ಉಣ್ಣುತ್ತಿದ್ದಾನೆ.