ಟೆರೇಸಿನ ಮೇಲಿನ ಗೌಜಲಕ್ಕಿ ಎಲ್ಲಿಂದ ಬಂತು?

ವಿಜಯನಗರದ ಕೇಳುಗರೊಬ್ಬರು ವಾಯ್ಸ್ ನೋಟ್ ಕಳಿಸಿದ್ರು: "ಟೆರೇಸ್ ಮೇಲೆ ಹತ್ತು ಗೌಜಲಕ್ಕಿ ಸಾಕೋಣ ಅಂತಿದೀನಿ ಬ್ರೋ, ಫಾರೆಸ್ಟ್‌ನೋರು ಹಿಡೀತಾರಾ?" ಪ್ರಶ್ನೆ ಚಿಕ್ಕದು. ಉತ್ತರಕ್ಕೆ ಮಾತ್ರ ಕಲ್ಯಾಣದ ಚಾಲುಕ್ಯರ ಕಾಲಕ್ಕೆ ಹೋಗಿ ಬರಬೇಕು.

ಮೊದಲು ಹೆಸರಿನ ಗೊಂದಲ. ನಮ್ಮ ಏರಿಯಾದ ಹೋಟೆಲ್ ಬೋರ್ಡಿನಲ್ಲಿ ಗೌಜಲಕ್ಕಿ ಫ್ರೈ ಅಂತಿದ್ರೆ ತಟ್ಟೆಗೆ ಬರೋದು ಕ್ವೇಲ್. ಹಳ್ಳಿ ಕಡೆ ಗೌಜಲು ಅಥವಾ ಕೌಜುಗ ಅಂದ್ರೆ ಬೇರೆ ಹಕ್ಕಿ, ಗಾತ್ರದಲ್ಲಿ ಇದಕ್ಕಿಂತ ದೊಡ್ಡದು. ಕ್ವೇಲ್‌ಗೆ ನಮ್ಮ ಹಳೇ ಹೆಸರು ಲಾವಕ್ಕಿ, ಲಾವುಗೆ. ಸಂಸ್ಕೃತದಲ್ಲಿ ಲಾವಕ.

ಈ ಲಾವಕ ಅನ್ನೋ ಪದ ಇತಿಹಾಸದಲ್ಲಿ ಚೆನ್ನಾಗಿ ಸಿಗೋದು ಮೂರನೇ ಸೋಮೇಶ್ವರನ 'ಮಾನಸೋಲ್ಲಾಸ'ದಲ್ಲಿ. ಸುಮಾರು 1129ರ ಕೃತಿ. ರಾಜಧಾನಿ ಕಲ್ಯಾಣ, ಅಂದ್ರೆ ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಅರಸನ ಮನರಂಜನೆಗಳ ಪಟ್ಟಿಯಲ್ಲಿ ಕೋಳಿ ಅಂಕದ ಪಕ್ಕದಲ್ಲೇ 'ಲಾವಕ ವಿನೋದ' ಇದೆ, ಲಾವಕ್ಕಿಗಳ ಕಾಳಗ. ಅಂಗೈಯಗಲದ ಹಕ್ಕಿ, ಅದರ ಜಗಳ ನೋಡೋಕೆ ಒಬ್ಬ ಚಕ್ರವರ್ತಿ! ಗಂಡು ಲಾವಕ್ಕಿಗೆ ಇನ್ನೊಂದು ಗಂಡು ಕಂಡ್ರೆ ಆಗಲ್ಲ, ಇದನ್ನ ನೆನಪಿಟ್ಟುಕೊಳ್ಳಿ. (ಇವತ್ತು ಹಾಗೆ ಕಾದಾಡಿಸಿದ್ರೆ ಪ್ರಾಣಿ ಹಿಂಸೆ ತಡೆ ಕಾಯ್ದೆ 1960ರ ಪ್ರಕಾರ ಅಪರಾಧ.)

ಅರಮನೆಯ ಹೊರಗೆ ಲಾವಕ್ಕಿ ಅಂದ್ರೆ ಅನ್ನ. ಕೌಜುಗ, ಲಾವಕ್ಕಿಗಳನ್ನು ಬಲೆ, ಉರುಳು ಹಾಕಿ ಹಿಡಿದು ಮಾರಿ ಬದುಕಿದವರು ಹಕ್ಕಿಪಿಕ್ಕಿ ಸಮುದಾಯದವರು. ಬನ್ನೇರುಘಟ್ಟದ ಹತ್ತಿರ ಅವರ ಕಾಲೋನಿ ಈಗಲೂ ಇದೆ. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, ಲಾವಕ್ಕಿ ಅದರ ಪಟ್ಟಿಗೆ ಸೇರಿತು. ಕುಲಕಸುಬು ಕೇಸಾಯ್ತು.

ಸರಿಯಾಗಿ ಎರಡು ವರ್ಷಕ್ಕೆ, 1974ರಲ್ಲಿ, ಇನ್ನೊಂದು ಲಾವಕ್ಕಿ ಬಂದಿಳಿಯಿತು. ಜಪಾನೀಸ್ ಕ್ವೇಲ್. ಬರೇಲಿ ಹತ್ತಿರದ ಇಜ್ಜತ್‌ನಗರದ ಕೇಂದ್ರ ಸರ್ಕಾರದ ಸಂಶೋಧನಾ ಸಂಸ್ಥೆ ಇದನ್ನ ಕ್ಯಾಲಿಫೋರ್ನಿಯಾದಿಂದ ತರಿಸಿತು. ಜಪಾನಿನಲ್ಲಿ ಇದರ ಕಥೆನೇ ಬೇರೆ. ಎಡೋ ಕಾಲದಲ್ಲಿ ಸಾಕ್ತಿದ್ದಿದ್ದು ಕೂಗು ಕೇಳೋಕೆ; ಯಾರ ಹಕ್ಕಿ ಚೆನ್ನಾಗಿ ಕೂಗುತ್ತೆ ಅಂತ ಸ್ಪರ್ಧೆಗಳಿದ್ದವು. 20ನೇ ಶತಮಾನದಲ್ಲಿ ಮೊಟ್ಟೆಗಾಗಿ ಸಾಕೋದು ಶುರುವಾಯ್ತು. ಎರಡನೇ ಮಹಾಯುದ್ಧದಲ್ಲಿ ಹಿಂಡುಗಳು ಹೆಚ್ಚುಕಮ್ಮಿ ನಾಶವಾಗಿ, ಕೂಗಿನ ತಳಿ ಕೊನೆಯಾಯ್ತು. ಉಳಿದ ಕೆಲವೇ ಹಕ್ಕಿಗಳಿಂದ ಮತ್ತೆ ಬೆಳೆಸಿದ್ದು ಇವತ್ತು ಲೋಕದ ತುಂಬಾ ಇರೋ ಮೊಟ್ಟೆ, ಮಾಂಸದ ತಳಿ. 1990ರಲ್ಲಿ ಮಿರ್ ಬಾಹ್ಯಾಕಾಶ ನಿಲ್ದಾಣದಲ್ಲಿ ಮೊಟ್ಟೆಯೊಡೆದು ಬಂದಿದ್ದೂ ಇದರದ್ದೇ ಮರಿ!

ನಮ್ಮಲ್ಲಿ ತೊಡಕಾಗಿದ್ದು ಕಾನೂನಿನಲ್ಲಿ. ಪಟ್ಟಿಯಲ್ಲಿದ್ದ 'ಕ್ವೇಲ್' ಅನ್ನೋ ಪದ ಕಾಡಿನದ್ದು, ಫಾರ್ಮಿನದ್ದು ಅಂತ ಬೇರೆ ಮಾಡಿರಲಿಲ್ಲ. ಸಾಕೋರು ಲೈಸೆನ್ಸ್ ತಗೋಬೇಕಿತ್ತು. 2011ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಹೊಸ ಲೈಸೆನ್ಸ್ ಕೊಡಬೇಡಿ ಅಂದಿತು. ದುಡ್ಡು ಹಾಕಿದವರು ಗಾಬರಿಯಾದ್ರು, ಒತ್ತಡ ಬಂತು, 2013ರ ಕೊನೆಗೆ ಜಪಾನೀಸ್ ಕ್ವೇಲನ್ನು ಪಟ್ಟಿಯಿಂದ ಕೈಬಿಟ್ಟರು. ನಿರ್ಧಾರ ತಪ್ಪು ಅಂತ ನಾನು ಹೇಳಲ್ಲ, ಇದು ಸಾಕಿದ ಹಕ್ಕಿನೇ. ಆದ್ರೆ ಫಾರ್ಮಿನವರ ಕಷ್ಟ ಎರಡು ವರ್ಷದಲ್ಲಿ ದೆಹಲಿಗೆ ಕೇಳಿಸ್ತು. ಬಲೆಯವರ ಕಷ್ಟ ಅಷ್ಟು ಬೇಗ ಕೇಳಿಸಿದ್ದುಂಟಾ?

ಹಾಗಾಗಿ ವಿಜಯನಗರದ ಗೆಳೆಯರೇ, ಜಪಾನೀಸ್ ಕ್ವೇಲ್ ಸಾಕಬಹುದು. ಫಾರ್ಮಿನಿಂದ ಬಿಲ್ ಸಮೇತ ತಗೊಳ್ಳಿ, ಬಿಕಾಂ ಓದಿದವನ ಚಾಳಿ ಅಂದುಕೊಂಡರೂ ಪರವಾಗಿಲ್ಲ. ಹೆಸರಘಟ್ಟದ ಹುಲ್ಲುಗಾವಲಿನಲ್ಲೋ ಕೆಂಗೇರಿ ಆಚೆಯ ಕುರುಚಲಿನಲ್ಲೋ ಹಿಡಿದ ಕಾಡು ಲಾವಕ್ಕಿಯನ್ನು ಯಾರಾದ್ರೂ ತಂದು ಮಾರಿದ್ರೆ ಮುಟ್ಟಬೇಡಿ. ಅದಕ್ಕೆ ಈಗಲೂ ಕೇಸಿದೆ.

ಗೂಡು ಕಟ್ಟುವಾಗ ಇದೇ ಇತಿಹಾಸ ಕೆಲಸಕ್ಕೆ ಬರುತ್ತೆ. ಮೊಟ್ಟೆಗಾಗಿ ತಲೆಮಾರುಗಟ್ಟಲೆ ಆರಿಸಿ ಬೆಳೆಸಿದ್ದರಿಂದ ಈ ಹಕ್ಕಿ ಕಾವು ಕೂರೋದನ್ನೇ ಬಹುಪಾಲು ಮರೆತಿದೆ. ಆರೇಳು ವಾರಕ್ಕೆ ಮೊಟ್ಟೆ ಶುರು ಮಾಡುತ್ತೆ, ಆದ್ರೆ ಮರಿ ಬೇಕು ಅಂದ್ರೆ ಇನ್‌ಕ್ಯುಬೇಟರ್‌ನಲ್ಲಿ 17-18 ದಿನ ಇಡಬೇಕು. ಮರಿ ಎಷ್ಟು ಚಿಕ್ಕದು ಅಂದ್ರೆ ನೀರಿನ ತಟ್ಟೆಯಲ್ಲೇ ಮುಳುಗಿ ಸಾಯುತ್ತೆ, ತಟ್ಟೆಗೆ ಬೆಣಚುಕಲ್ಲು ತುಂಬಿಡಿ.

ಮರೆಯದೇ ಇರೋದು ಹೆದರಿಕೆ. ಹುಲ್ಲಿನಲ್ಲಿ ಅಡಗಿ, ಶತ್ರು ಹತ್ತಿರ ಬಂದಾಗ ನೆಟ್ಟಗೆ ಮೇಲಕ್ಕೆ ಚಿಮ್ಮೋದು ಇದರ ಜಾಯಮಾನ. ಟೆರೇಸ್ ಗೂಡಿನಲ್ಲಿ ಹಾಗೆ ಚಿಮ್ಮಿದ್ರೆ ತಲೆ ಬಡಿದು ಸಾಯಬಹುದು. ಅದಕ್ಕೆ ಚಾವಣಿ ಒಂದಡಿಯಷ್ಟೇ ಇರಲಿ, ಇಲ್ಲಾಂದ್ರೆ ಆಳೆತ್ತರ ಮಾಡಿ ಒಳಗೆ ಮೆತ್ತನೆ ಬಲೆ ಕಟ್ಟಿ. ಇದು ನೆಲದ ಹಕ್ಕಿ, ಕೊಂಬೆ ಬೇಡ. ಬಚ್ಚಿಟ್ಟುಕೊಳ್ಳೋಕೆ ಒಣಹುಲ್ಲು, ಮೈ ಹೊರಳಿಸೋಕೆ ಮರಳು, ಮಧ್ಯಾಹ್ನದ ಬಿಸಿಲಿಗೆ ನೆರಳು ಇದ್ರೆ ಸಾಕು. ಹೆಗ್ಗಣದ ಕಾಟಕ್ಕೆ ಅರ್ಧ ಇಂಚಿನ ಮೆಶ್ ಬೇಕೇ ಬೇಕು.

ಇನ್ನು ಸೋಮೇಶ್ವರನ ಪಾಠ: ಮೂರ್ನಾಲ್ಕು ಹೆಣ್ಣಿಗೆ ಒಂದೇ ಗಂಡು. ಎರಡಿಟ್ಟರೆ ತಲೆ ಕುಕ್ಕಿ ರಕ್ತ ಬರಿಸುತ್ತವೆ. ಆ ಒಂದು ಗಂಡು ಕೂಡ ಬೆಳಗಿನ ಜಾವ ಕೂಗುತ್ತೆ, ಪಕ್ಕದ ಮನೆಯವರಿಗೆ ಮೊದಲೇ ಹೇಳಿಡಿ. ಎಡೋ ಕಾಲದಲ್ಲಿ ಆ ಕೂಗಿಗೆ ಸ್ಪರ್ಧೆ ಇಡ್ತಿದ್ರು. 20x30 ಸೈಟಿನಲ್ಲಿ ಬೇರೆ ಥರದ ಪ್ರತಿಕ್ರಿಯೆ ಬರುತ್ತೆ.