ಹಳ್ಳಿಯ ಮನೆತನದ ಚರಿತ್ರೆಗೆ ಛಾಯಾಚಿತ್ರದ ಸಾಕ್ಷ್ಯ

ಅರಸು ಮನೆತನಗಳ ವಂಶಾವಳಿಯನ್ನು ಕಟ್ಟಲು ನಮಗೆ ಶಾಸನಗಳಿವೆ, ಕಡತಗಳಿವೆ, ಕಾವ್ಯಗಳ ಪೀಠಿಕೆಗಳಿವೆ. ನೇಗಿಲು ಹಿಡಿದು ಬಾಳಿದ ಮನೆತನಗಳಿಗೆ ಇಂತಹ ಆಧಾರಗಳು ವಿರಳ. ನಾಲ್ಕನೆಯ ತಲೆಮಾರಿನ ಹಿರಿಯರ ಹೆಸರು ಕೇಳಿದರೆ ಮನೆಯವರೇ ತಡವರಿಸುವುದುಂಟು. ಆದರೂ ಅಂತಹ ಎಷ್ಟೋ ಮನೆಗಳ ಗೋಡೆಯ ಮೇಲೆ, ಟ್ರಂಕಿನ ತಳದಲ್ಲಿ ಕೆಲವು ಹಳೆಯ ಪಟಗಳು ಉಳಿದಿರುತ್ತವೆ. ಅವನ್ನು ಚರಿತ್ರೆಯ ಆಕರವಾಗಿ ಹೇಗೆ ಓದತಕ್ಕುದು, ಎಷ್ಟರ ಮಟ್ಟಿಗೆ ನಂಬತಕ್ಕುದು ಎಂಬುದನ್ನು ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಈ ವಿಚಾರಕ್ಕೆ ಹಿನಕಲ್ಲನ್ನು ನೆಲೆಯಾಗಿ ಇಟ್ಟುಕೊಂಡಿರುವುದಕ್ಕೆ ಕಾರಣವಿದೆ. ನನ್ನೇಶ್ವರ ದೇವಾಲಯದಿಂದ ಪ್ರಸಿದ್ಧವಾದ ಈ ಊರು ಮೈಸೂರಿನಿಂದ ಹುಣಸೂರಿಗೆ ಹೋಗುವ ಹಾದಿಯಲ್ಲಿದೆ. 1960ರಲ್ಲಿ ಸ್ಥಾಪಿತವಾದ ಮಾನಸಗಂಗೋತ್ರಿಗೆ ದೂರವಲ್ಲ. ನಗರ ಬೆಳೆದಂತೆ ಹೊಲಗಳು ಬಡಾವಣೆಗಳಾದುವು. 2020ರ ದಶಕದ ಆರಂಭದಲ್ಲಿ ಊರು ಗ್ರಾಮ ಪಂಚಾಯಿತಿಯ ಆಡಳಿತದಿಂದ ಹೂಟಗಳ್ಳಿ ನಗರಸಭೆಗೆ ಸೇರಿತು. ಇಂತಹ ಊರುಗಳಲ್ಲಿ ಹಳೆಯ ಮನೆ ಕೆಡವಿ ಹೊಸದನ್ನು ಕಟ್ಟುವಾಗ ದೇವರ ಪಟಗಳು ಹೊಸ ಮನೆಗೆ ಬರುತ್ತವೆ. ಗುರುತು ಸಿಕ್ಕದವರ ಪಟಗಳು ಬರುತ್ತವೆಂಬ ನೆಚ್ಚಿಕೆಯಿಲ್ಲ.

ಛಾಯಾಚಿತ್ರವನ್ನು ಶಾಸನದಂತೆ ಪರೀಕ್ಷಿಸಬೇಕೆಂಬುದು ನಮ್ಮ ಅಭಿಪ್ರಾಯ. ಶಾಸನವನ್ನು ಓದುವ ಮೊದಲು ಕಲ್ಲನ್ನೂ ಲಿಪಿಯನ್ನೂ ಅದು ಸಿಕ್ಕಿದ ತಾಣವನ್ನೂ ನೋಡುತ್ತೇವೆ. ಹಾಗೆಯೇ ಪಟದ ಮುಖಕ್ಕಿಂತ ಮೊದಲು ಅದರ ಬೆನ್ನನ್ನು ನೋಡತಕ್ಕುದು. ದಪ್ಪ ರಟ್ಟಿಗೆ ಅಂಟಿಸಿದ, ಸುಮಾರು ಆರೂವರೆ ಅಂಗುಲ ಎತ್ತರದ ‘ಕ್ಯಾಬಿನೆಟ್’ ಪಟಗಳು ಯೂರೋಪಿನಲ್ಲಿ 1860ರ ದಶಕದಲ್ಲಿ ಬಳಕೆಗೆ ಬಂದು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ನಡೆದುವು. ಆರು ಸೆಂಟಿಮೀಟರಿನ ಚೌಕ ಪಟವು ಸಾಮಾನ್ಯವಾಗಿ 120ನೆಯ ಸಂಖ್ಯೆಯ ಸುರುಳಿ ಫಿಲ್ಮಿನದು. ಒಂದು ಸುರುಳಿಗೆ ಅಂತಹ 12 ಚಿತ್ರಗಳು. ಆಗ್ಫಾ ಕ್ಲಿಕ್‌ನಂತಹ ಅಗ್ಗದ ಕ್ಯಾಮೆರಾಗಳು ಈ ಅಳತೆಯನ್ನು ಮಧ್ಯಮ ವರ್ಗದ ಮನೆಗಳಿಗೆ ತಂದುವು. ಸ್ಟುಡಿಯೋದ ಮೊಹರು, ರಟ್ಟಿನ ಅಂಚು, ಕಾಗದದ ದಪ್ಪ, ಇವೆಲ್ಲ ಕಾಲನಿರ್ಣಯಕ್ಕೆ ನೆರವಾಗುತ್ತವೆ. ಆದರೆ ಇವು ತಿಳಿಸುವುದು ಕೈಯಲ್ಲಿರುವ ಪ್ರತಿಯ ಕಾಲವನ್ನು ಮಾತ್ರ. ಹಿರಿಯರು ತೀರಿಕೊಂಡ ಮೇಲೆ ಅವರ ಚಿಕ್ಕ ಪಟವೊಂದನ್ನು ಹಿಗ್ಗಿಸಿ, ತಿದ್ದಿಸಿ, ಕಟ್ಟು ಹಾಕಿಸಿ ಹಾರ ಹಾಕುವ ರೂಢಿಯುಂಟು. ಅಂತಹ ಪಟದಲ್ಲಿ ಮುಖ ಒಂದು ಕಾಲದ್ದು, ಕಾಗದ ಇನ್ನೊಂದು ಕಾಲದ್ದು.

ಪಟದಲ್ಲಿ ಕಾಣುವ ವಸ್ತುಗಳ ವಿಷಯದಲ್ಲಿಯೂ ಎಚ್ಚರ ಅವಶ್ಯಕ. ಸ್ಟುಡಿಯೋದ ಪರದೆ, ಕುರ್ಚಿ, ಹೂದಾನಿಗಳು ಸ್ಟುಡಿಯೋದವು. ಕೋಟು, ಗಡಿಯಾರಗಳು ಕೂಡ ಎರವಲಾಗಿರಬಹುದು. ಪ್ರೊಫೆಸರ್ ಎಂ. ಎನ್. ಶ್ರೀನಿವಾಸರು 1948ರಲ್ಲಿ ಮೈಸೂರು ಸೀಮೆಯ ಒಂದು ಹಳ್ಳಿಯಲ್ಲಿದ್ದು ಅಧ್ಯಯನ ನಡೆಸಿದರು. ತಮ್ಮ ಗ್ರಂಥದಲ್ಲಿ ಅದನ್ನು ‘ರಾಂಪುರ’ವೆಂದು ಕರೆದರು. ಅಲ್ಲಿನವರ ಬಾಯಲ್ಲಿ ಕ್ಯಾಮೆರಾ ಎಂಬುದು ‘ಚಾಮರ’ವಾಯಿತೆಂದು ಅವರು ದಾಖಲಿಸಿದ್ದಾರೆ. ಇದನ್ನು ಕೇವಲ ಉಚ್ಚಾರಣೆಯ ವಿನೋದವೆಂದು ನಾವು ಭಾವಿಸುವುದಿಲ್ಲ. ಚಾಮರ ಬೀಸುವುದು ದೇವರಿಗೆ, ದೊರೆಗೆ. ಪಟ ತೆಗೆಸಿಕೊಳ್ಳುವುದು ಅಪರೂಪವಾಗಿದ್ದ ಕಾಲದಲ್ಲಿ ಅದೂ ಒಂದು ಮರ್ಯಾದೆಯೇ ಆಗಿತ್ತು. ಮರ್ಯಾದೆಗೆ ನಿಂತ ಮನುಷ್ಯ ದಿನನಿತ್ಯದ ಬಟ್ಟೆಯಲ್ಲಿ ನಿಲ್ಲುವುದಿಲ್ಲ. ಆದುದರಿಂದ ಹಳೆಯ ಪಟವು ಮನೆತನ ಹೇಗೆ ಬದುಕಿತೆಂಬುದಕ್ಕಿಂತ, ಹೇಗೆ ಕಾಣಲು ಬಯಸಿತೆಂಬುದನ್ನು ಹೆಚ್ಚು ತಿಳಿಸುತ್ತದೆ.

ಹಾಗಾದರೆ ಪಟದಿಂದ ವಂಶವನ್ನು ಗುರುತಿಸುವುದು ಹೇಗೆ? ಉದಾಹರಣೆಗೆ ಒಂದು ಒಕ್ಕಲು ಮನೆತನವನ್ನು ಊಹಿಸಿಕೊಳ್ಳೋಣ. ಪಹಣಿ, ಖಾತೆ, ಕ್ರಯಪತ್ರಗಳಿಂದ ಜಮೀನು ಯಾರಿಂದ ಯಾರಿಗೆ ಬಂತೆಂದು ತಿಳಿಯುತ್ತದೆ. ಆದರೆ ನಮ್ಮಲ್ಲಿ ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ಪದ್ಧತಿಯಿದೆ. ಕಾಗದದಲ್ಲಿ ಒಮ್ಮೆ ಕೆಂಪೇಗೌಡನ ಮಗ ಮರೀಗೌಡ, ಮತ್ತೊಮ್ಮೆ ಮರೀಗೌಡನ ಮಗ ಕೆಂಪೇಗೌಡ ಎಂದು ಬಂದರೆ, ಇವರು ಎಷ್ಟು ತಲೆಮಾರಿನವರು ಎಂಬುದು ಹೆಸರಿನಿಂದ ತಿಳಿಯದು. ಕಾಲ ಗೊತ್ತಾದ ಪಟವೊಂದರಲ್ಲಿ ಮುದುಕನೂ ಅವನ ತೊಡೆಯ ಮೇಲೆ ಮಗುವೂ ಇದ್ದು, ಇಬ್ಬರನ್ನೂ ಬಲ್ಲವರು ಉಳಿದಿದ್ದರೆ, ಆ ಗಂಟು ಬಿಡುತ್ತದೆ.

ಇದಕ್ಕಿಂತ ಮುಖ್ಯವಾದ ಉಪಯೋಗ ಇನ್ನೊಂದಿದೆ. ಜಮೀನಿನ ದಾಖಲೆಗಳು ಬಹುಪಾಲು ಗಂಡಸರ ದಾಖಲೆಗಳು. ಒಟ್ಟು ಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಹುಟ್ಟಿನಿಂದಲೇ ಹಕ್ಕು ಕೊಟ್ಟ ಕರ್ನಾಟಕದ ತಿದ್ದುಪಡಿ ಜಾರಿಗೆ ಬಂದುದು 1994ರಲ್ಲಿ. ಕೇಂದ್ರದ ತಿದ್ದುಪಡಿ 2005ರಲ್ಲಿ. ಅದಕ್ಕೆ ಹಿಂದೆ ಮದುವೆಯಾಗಿ ಹೋದ ಮಗಳು ತವರಿನ ಕಾಗದಗಳಲ್ಲಿ ಸುಳಿಯದೆಯೇ ಹೋಗಬಹುದು. ಮದುವೆಯ ಪಟದ ಅಂಚಿನಲ್ಲಿ ಅವಳು ನಿಂತಿರುತ್ತಾಳೆ. ಆ ಮನೆಯಲ್ಲಿ ಹಾಗೊಬ್ಬಳು ಇದ್ದಳೆಂಬುದಕ್ಕೆ ಎಷ್ಟೋ ವೇಳೆ ಅದೊಂದೇ ಲಿಖಿತೇತರ ಸಾಕ್ಷ್ಯ. ಹೀಗೆ ಕಾಗದದಲ್ಲಿ ಹೆಸರಿದ್ದವನಿಗೆ ಮುಖವಿಲ್ಲ. ಪಟದಲ್ಲಿ ಮುಖವಿದ್ದವಳಿಗೆ ಹೆಸರಿಲ್ಲ. ಎರಡನ್ನೂ ಕೂಡಿಸುವುದೇ ಸಂಶೋಧಕನ ಕೆಲಸ.

ಹೆಸರನ್ನೂ ಮುಖವನ್ನೂ ಒಂದೇ ಹಲಗೆಯ ಮೇಲೆ ಕೂಡಿಸುವ ಕ್ರಮ ನಮ್ಮ ನಾಡಿಗೆ ಹೊಸದಲ್ಲ. ವೀರಗಲ್ಲಿನಲ್ಲಿ ಕಾದಿ ಮಡಿದವನ ರೂಪವೂ, ಎಷ್ಟೋ ಕಡೆ ಅವನ ಹೆಸರೂ ಉಂಟು. ಹಳ್ಳಿಯ ಸಾಮಾನ್ಯರ ಮಟ್ಟಿಗೆ ಇಂತಹ ಕೂಡಿಕೆ ವ್ಯಾಪಕವಾಗಿ ನಡೆದುದು, 1993ರಲ್ಲಿ ಚುನಾವಣಾ ಆಯೋಗವು ಮತದಾರರಿಗೆ ಭಾವಚಿತ್ರವುಳ್ಳ ಗುರುತಿನ ಚೀಟಿ ಕೊಡಬೇಕೆಂದು ಆದೇಶಿಸಿದ ಮೇಲೆ. ಮುಖ, ಹೆಸರು, ತಂದೆಯ ಅಥವಾ ಗಂಡನ ಹೆಸರು, ಇವೆಲ್ಲ ಅಲ್ಲಿ ಒಂದೆಡೆ ಸಿಕ್ಕುತ್ತವೆ. ಅದರಲ್ಲಿನ ವಯಸ್ಸು ಅಂದಾಜಿನದಾಗಿರಬಹುದು. ಆದರೂ ತೀರಿಹೋದ ಅಜ್ಜಿಯ ಚೀಟಿಯನ್ನು ಎಸೆಯುವುದು ಒಂದು ಆಧಾರವನ್ನೇ ಎಸೆದಂತೆ.

ಉಳಿದ ಪಟಗಳಿಗೆ ಹೆಸರು ಕೊಡಬಲ್ಲವರು ಊರಿನ ಹಿರಿಯರು. ನೆನಪು ದುರ್ಬಲವೆಂದು ಅದನ್ನು ತಳ್ಳಿಹಾಕುವಂತಿಲ್ಲ. 1970ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ನಡೆದ ಬೆಂಕಿಯ ಅನಾಹುತದಲ್ಲಿ ಶ್ರೀನಿವಾಸರು ಸಂಸ್ಕರಿಸಿ ಇಟ್ಟಿದ್ದ ಟಿಪ್ಪಣಿಗಳ ಪ್ರತಿಗಳೆಲ್ಲ ಸುಟ್ಟುಹೋದುವು. ರಾಂಪುರದ ಚಿತ್ರವನ್ನು ಅವರು ಬಹುಮಟ್ಟಿಗೆ ನೆನಪಿನಿಂದಲೇ ಬರೆದರು; ಆ ಗ್ರಂಥ 1976ರಲ್ಲಿ ಪ್ರಕಟವಾಯಿತು. ಆದರೆ ಅದು ತರಬೇತಾದ ಸಂಶೋಧಕರೊಬ್ಬರ ನೆನಪು. ಮನೆಯ ನೆನಪನ್ನು ಸಂಗ್ರಹಿಸುವಾಗ ಒಂದೇ ಪಟವನ್ನು ಇಬ್ಬರು ಹಿರಿಯರಿಗೆ ಬೇರೆ ಬೇರೆಯಾಗಿ ತೋರಿಸಿ, ಇಬ್ಬರ ಮಾತನ್ನೂ ಬರೆದುಕೊಳ್ಳಬೇಕು. ಒಪ್ಪದ ಕಡೆ ಒಂದನ್ನು ಅಳಿಸದೆ ಎರಡನ್ನೂ ಉಳಿಸಬೇಕು. ಹೆಂಗಸರನ್ನು ಕುರಿತು ಹೆಂಗಸರನ್ನೇ ಕೇಳುವುದು ಲೇಸು. ಸೊಸೆಯಾಗಿ ಬಂದವಳು ಆ ಮನೆಯ ಹೆಣ್ಣುಮಕ್ಕಳು ಯಾವ ಯಾವ ಊರಿಗೆ ಹೋದರೆಂಬುದನ್ನು ಗಂಡಸರಿಗಿಂತ ಚೆನ್ನಾಗಿ ಬಲ್ಲಳು.

ನಮ್ಮ ವಿದ್ಯಾರ್ಥಿಗಳಲ್ಲಿ ಅನೇಕರು ಇಂತಹ ಮನೆಗಳಿಂದಲೇ ಬಂದವರು. ಅವರು ರಜೆಗೆ ಊರಿಗೆ ಹೋದಾಗ ಮಾಡಬಹುದಾದ ಕೆಲಸವಿದು. ಇದಕ್ಕೆ ದೊಡ್ಡ ವೆಚ್ಚವಿಲ್ಲ. ಪಟವನ್ನು ಕಟ್ಟಿನಿಂದ ಕಿತ್ತು ಕೆಡಿಸದೆ, ಹಿಂದು ಮುಂದು ಎರಡೂ ಬದಿಯ ಪ್ರತಿ ತೆಗೆದುಕೊಂಡು, ಪಟದಲ್ಲಿರುವವರ ಹೆಸರು, ಹೇಳಿದವರ ಹೆಸರು, ಹೇಳಿದ ದಿನ, ಈ ಮೂರನ್ನು ತಪ್ಪದೆ ಬರೆದಿಡಲಿ. ಮನೆಯವರ ಒಪ್ಪಿಗೆಯಿಲ್ಲದೆ ಯಾವುದನ್ನೂ ಪ್ರಕಟಿಸದಿರಲಿ. ಕಲ್ಲಿನ ಶಾಸನ ಮುಂದಿನ ಪೀಳಿಗೆಯ ಓದುಗನಿಗಾಗಿ ಕಾಯಬಲ್ಲುದು. ಹೆಸರಿಲ್ಲದ ಪಟವು ಅದನ್ನು ಗುರುತಿಸಬಲ್ಲ ಕೊನೆಯ ವ್ಯಕ್ತಿ ಇರುವವರೆಗೆ ಮಾತ್ರ ಓದಿಗೆ ದಕ್ಕುತ್ತದೆ.