ಕಲ್ಕತ್ತೆಯ ಹಂಸವಾಹನ

ನಮ್ಮ ದೇವಾಲಯಗಳ ಉತ್ಸವದಲ್ಲಿ ಹಂಸವಾಹನವು ಬೀದಿಗೆ ಬಂದಿತೆಂದರೆ ಜನರು ಮನೆಬಾಗಿಲಿಗೆ ಓಡಿಬರುವರಷ್ಟೆ. 1910ರಲ್ಲಿ ಕಲ್ಕತ್ತೆಯ ಬೀದಿಗೆ ಬಂದ ಹಂಸವಾದರೋ ಜನರನ್ನು ಬೆದರಿಸಿ ಓಡಿಸಿತು.

ಅದೊಂದು ಮೋಟಾರು ಗಾಡಿ. ಆ ನಗರದಲ್ಲಿದ್ದ ಮ್ಯಾಥ್ಯೂಸನ್ ಎಂಬ ಧನಿಕನು ಅದನ್ನು ಇಂಗ್ಲೆಂಡಿನ ಲೋವೆಸ್ಟಾಫ್ಟ್ ಪಟ್ಟಣದ ಬ್ರೂಕ್ ಕಂಪೆನಿಯಲ್ಲಿ ಮಾಡಿಸಿದನು. ಬ್ರೂಕ್ ಕಂಪೆನಿಯವರು ದೋಣಿಯ ಯಂತ್ರಗಳನ್ನೂ ತಯಾರಿಸುತ್ತಿದ್ದವರು. ನೀರುಹಕ್ಕಿಯೊಂದನ್ನು ಕಟ್ಟುವ ಕೆಲಸವು ಅವರ ಪಾಲಿಗೆ ಬಂದುದು ಉಚಿತವೇ ಸರಿ. ಗಾಡಿಯ ಮುಂಭಾಗವೇ ಹಂಸದ ಕೊರಳು ಮತ್ತು ತಲೆ. ಹಿಂಭಾಗದಲ್ಲಿ ಚಿನ್ನದ ರೇಕಿನ ಕಮಲಗಳು. ಕತ್ತಲೆಯಲ್ಲಿ ಹೊಳೆಯುವಂತೆ ಕಣ್ಣುಗಳಲ್ಲಿ ವಿದ್ಯುದ್ದೀಪಗಳಿದ್ದುವು. ಯಂತ್ರದ ಹೊಗೆಯಿಂದ ನುಡಿಯುವ ಎಂಟು ಸ್ವರಗಳ ಕೊಂಬಿಗೆ ಹಾರ್ಮೋನಿಯಮಿನಲ್ಲಿರುವಂತಹ ಮನೆಗಳು. ಚಾಲಕನಿಗೆ ಆಜ್ಞೆ ಕೊಡಲು ಹಡಗಿನ ಟೆಲಿಗ್ರಾಫು. ಗಾಲಿಗಳಿಗಂಟಿದ ಆನೆಯ ಲದ್ದಿಯನ್ನು ತೆಗೆಯಲು ಕುಂಚಗಳು! ಹಿಂಬದಿಯಿಂದ ಸುಣ್ಣದ ನೀರು ಸುರಿದು ಹಕ್ಕಿಯ ಹಿಕ್ಕೆಯಂತೆ ಕಾಣುತ್ತಿದ್ದಿತೆಂದರೆ, ಮಾಡಿಸಿದವನ ಚೇಷ್ಟೆಯು ಎಷ್ಟರದೆಂದು ಶ್ರೋತೃಗಳೇ ಊಹಿಸಬಹುದು.

ಇಷ್ಟಕ್ಕೆ ನಾವೂ ನಗಬಲ್ಲೆವು. ಆದರೆ ಯಂತ್ರವನ್ನು ತಣಿಸುವ ನೀರಿನ ಹಬೆಯು ತೆರೆದ ಕೊಕ್ಕಿನಿಂದ ದಾರಿಹೋಕರ ಮೇಲೆ ಚಿಮ್ಮುತ್ತಿದ್ದಿತು. ದಾರಿ ಬಿಡಿಸುವುದಕ್ಕೆ ಅದೇ ಉಪಾಯ. ಬೀದಿಯಲ್ಲಿ ನಡೆದುಹೋಗುವವನಿಗೆ ಗಾಡಿಯವನಿಗಿಂತ ಕಡಮೆಯ ಅಧಿಕಾರವೆಂಬ ಈ ಎಣಿಕೆಯನ್ನು ನಾವು ಮೆಚ್ಚಲಾರೆವು. ಮೊದಲ ಸಂಚಾರದಲ್ಲಿಯೇ ಗಲಭೆಯೆದ್ದು ಪೊಲೀಸಿನವರು ನಡುವೆ ಬರಬೇಕಾಯಿತು.

ಅನಂತರ ಹಂಸವು ಪಂಜಾಬಿನ ನಾಭಾ ಸಂಸ್ಥಾನದ ಮಹಾರಾಜರ ವಶಕ್ಕೆ ಹೋಯಿತು. 1920ರ ಸುಮಾರಿಗೆ ಅಲ್ಲಿ ವಿದ್ಯುತ್ತಿನಿಂದ ಓಡುವ ಪುಟ್ಟ ಮರಿಹಂಸವೊಂದೂ ಸಿದ್ಧವಾಯಿತು. ಈಗ ಎರಡೂ ಹಾಲೆಂಡಿನ ಹೇಗ್ ನಗರದ ಲೌಮನ್ ವಸ್ತುಸಂಗ್ರಹಾಲಯದಲ್ಲಿವೆ.